ಛಿಂಗ್‌ಹಾವ್: ಚೀನದ ವೈದ್ಯಗ್ರಂಥವೊಂದರ ಪಾಠವಿಚಾರ

ಚೀನದೇಶದ ಮೂಲಿಕಾವೈದ್ಯವು ದೀರ್ಘವಾದ ಗ್ರಂಥಪರಂಪರೆಯನ್ನು ಆಶ್ರಯಿಸಿ ಬೆಳೆದ ಶಾಸ್ತ್ರವಾಗಿದೆ. ಪ್ರಾಚೀನವಾದ ‘ಶೆನ್‌ನೊಂಗ್ ಬೆನ್‌ತ್ಸಾವ್ ಜಿಂಗ್’ ಎಂಬುದು 365 ಔಷಧದ್ರವ್ಯಗಳನ್ನು ಮೂರು ವರ್ಗಗಳಾಗಿ ವಿಂಗಡಿಸುತ್ತದೆ. 1596ರಲ್ಲಿ ಪ್ರಕಟವಾದ ಲೀ ಷಿಜೆನ್ನನ ಮಹಾಗ್ರಂಥದಲ್ಲಿ ಅವುಗಳ ಸಂಖ್ಯೆಯು 1892ಕ್ಕೆ ಏರಿದೆ. ರೋಗದ ಹೆಸರೊಂದನ್ನೇ ನೋಡದೆ, ರೋಗಿಯ ನಾಡಿ, ನಾಲಗೆ, ಶೀತೋಷ್ಣಲಕ್ಷಣಗಳನ್ನು ಪರೀಕ್ಷಿಸಿ, ದ್ರವ್ಯಗಳನ್ನು ರಾಜ, ಮಂತ್ರಿ, ಸಹಾಯಕ, ದೂತ ಎಂಬ ಸ್ಥಾನಗಳಲ್ಲಿ ಕೂಡಿಸಿ ಕಷಾಯಮಾಡಿ ಕೊಡುವುದು ಈ ಪದ್ಧತಿಯ ಸಾಮಾನ್ಯ ಕ್ರಮ. ಇದಕ್ಕೆ ಹೊರತಾದ ಒಂದು ವಿಧಿಯು ಇಲ್ಲಿ ವಿಚಾರಾರ್ಹವಾಗಿದೆ.

ಕ್ರಿ. ಶ. ನಾಲ್ಕನೆಯ ಶತಮಾನದಲ್ಲಿ ಗೆ ಹೊಂಗ್ ಎಂಬ ವಿದ್ವಾಂಸನು ಆಪತ್ಕಾಲಕ್ಕೆ ಬೇಕಾಗುವ ಯೋಗಗಳನ್ನು ಸಂಗ್ರಹಿಸಿದನು. ಆ ಗ್ರಂಥದ ಹೆಸರಿನಲ್ಲಿರುವ ‘ಮೊಣಕೈಯ ಹಿಂದೆ’ ಎಂಬ ಮಾತಿಗೆ, ಅಂಗಿಯ ತೋಳಿನಲ್ಲಿಟ್ಟುಕೊಂಡು ಹೋಗಬಹುದಾದದ್ದು ಎಂದು ಅಭಿಪ್ರಾಯ. ಚಳಿಜ್ವರದ ಪ್ರಕರಣದಲ್ಲಿ ಅವನು, ಒಂದು ಹಿಡಿ ಛಿಂಗ್‌ಹಾವ್ ಸೊಪ್ಪನ್ನು ನೀರಿನಲ್ಲಿ ನೆನೆಯಿಟ್ಟು, ಹಿಂಡಿದ ರಸವನ್ನೆಲ್ಲ ಕುಡಿಯಬೇಕೆಂದು ವಿಧಿಸುತ್ತಾನೆ. ಕುದಿಸುವ ಪ್ರಸ್ತಾಪವೇ ಇಲ್ಲಿಲ್ಲ. ಕ್ವಾಥಕ್ಕೂ ಹಿಮಕ್ಕೂ ಆಯುರ್ವೇದವು ಎಣಿಸಿರುವ ಭೇದವನ್ನು ಬಲ್ಲವರಿಗೆ ಇದು ಅಲ್ಪವಿಷಯವೆನಿಸದು.

ಹಳೆಯ ಔಷಧಗಳಿಗೆ ಮಲೇರಿಯದ ರೋಗಾಣುವು ಬಗ್ಗದೆ ಹೋದುದರಿಂದ, ಚೀನ ಸರ್ಕಾರವು 1967ರಲ್ಲಿ ಹೊಸ ಔಷಧದ ಅನ್ವೇಷಣೆಗೆ ತೊಡಗಿತು. 1969ರಲ್ಲಿ ಈ ಕಾರ್ಯಕ್ಕೆ ಸೇರಿದ ತೂ ಯೂಯೂ ಎಂಬ ವಿದುಷಿಯು ಪ್ರಾಚೀನ ಗ್ರಂಥಗಳನ್ನು ಶೋಧಿಸಿದರು. ಛಿಂಗ್‌ಹಾವಿನ ಸಾರವು ಮೊದಲು ಒಮ್ಮೆ ಫಲಿಸಿ ಮತ್ತೊಮ್ಮೆ ಫಲಿಸದೆ ಇದ್ದಿತು. ಗೆ ಹೊಂಗನ ವಾಕ್ಯವನ್ನು ಮರಳಿ ಓದಿದಾಗ, ಕಾವಿನಿಂದ ಗುಣವು ನಷ್ಟವಾಗುತ್ತಿರಬಹುದೆಂದು ಅವರಿಗೆ ಹೊಳೆಯಿತು. ಅನಂತರ, ಸುಮಾರು 35 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕುದಿಯುವ ಈಥರ್ ದ್ರವದಿಂದ ಸಾರವನ್ನು ತೆಗೆದರು. 1971ರ ಅಕ್ಟೋಬರಿನಲ್ಲಿ ಅದು ಇಲಿಗಳ ಮಲೇರಿಯವನ್ನು ಸಂಪೂರ್ಣವಾಗಿ ಪರಿಹರಿಸಿತು. 1972ರಲ್ಲಿ ಆರ್ಟಿಮಿಸಿನಿನ್ ಎಂಬ ಶುದ್ಧದ್ರವ್ಯವು ಲಭಿಸಿತು. ಈ ಶೋಧಕ್ಕಾಗಿ 2015ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಸಂದಿತು.

ಸಸ್ಯನಿರ್ಣಯವೂ ಸುಲಭವಾಗಿರಲಿಲ್ಲ. ಛಿಂಗ್‌ಹಾವ್ ಎಂಬ ಹೆಸರು ಒಂದಕ್ಕಿಂತ ಹೆಚ್ಚು ಗಿಡಗಳಿಗೆ ಸಲ್ಲುತ್ತಿದ್ದಿತು. ಅವುಗಳಲ್ಲಿ ಆರ್ಟಿಮಿಸಿಯ ಆನ್ಯುವ ಎಂಬ ಜಾತಿಯಿಂದಲೇ ಈ ಔಷಧವು ದೊರೆಯುವುದೆಂದು ಪರೀಕ್ಷೆಯಿಂದ ನಿಶ್ಚಿತವಾಯಿತು.

ಈ ಒಂದು ಯೋಗವು ಫಲಿಸಿದ ಮಾತ್ರಕ್ಕೆ ಚೀನವೈದ್ಯದ ಶೀತೋಷ್ಣಸಿದ್ಧಾಂತವೆಲ್ಲವೂ ಸಾಧಿತವಾಯಿತೆಂದು ಹೇಳುವುದು ಯುಕ್ತವಲ್ಲ; ಹಳೆಯ ಗ್ರಂಥಗಳೆಲ್ಲ ನಿರರ್ಥಕವೆಂಬ ವಾದವೂ ಇದರ ಮುಂದೆ ನಿಲ್ಲದು. ಗ್ರಂಥದಿಂದ ದೊರೆತ ಸೂಚನೆಯನ್ನು ಪ್ರಯೋಗದಿಂದ ಪರೀಕ್ಷಿಸಿ ಸ್ವೀಕರಿಸಬೇಕಾಯಿತು. ನೆನೆಯಿಡುವುದೆಂಬ ಮಾತನ್ನು ರೂಢಿಯ ಬಲದಿಂದ ಕಷಾಯವೆಂದೇ ಗ್ರಹಿಸಿದ್ದರೆ ಆ ಸೂಚನೆಯು ಕಣ್ಣಿಗೆ ಬೀಳುತ್ತಿರಲಿಲ್ಲ. ಪ್ರಾಚೀನ ಶಾಸ್ತ್ರಗ್ರಂಥಗಳನ್ನು ಸಂಪಾದಿಸುವವರೂ ಅನುವಾದಿಸುವವರೂ ಕ್ರಿಯಾಪದಗಳಲ್ಲಿ ಎಷ್ಟು ಎಚ್ಚರಿಕೆಯಿಂದಿರಬೇಕೆಂಬುದಕ್ಕೆ ಇದು ಉತ್ತಮ ನಿದರ್ಶನವಾಗಿದೆ.