ಹದಿಹರೆಯದ ಮನಸ್ಸಿಗೆ ಆಸರೆ ಯಾವುದು?

ಬಡತನ, ಮನೆಯಲ್ಲಿ ಜಗಳ, ಕುಡಿಯುವ ತಂದೆ. ಇಂಥ ಮನೆಯ ಮಗು ಹಾದಿ ತಪ್ಪುವುದು ಖಂಡಿತ ಎಂದು ನೀವೂ ಹೇಳಿರಬಹುದು. ಇದು ಎಷ್ಟರಮಟ್ಟಿಗೆ ನಿಜ? ಹದಿಹರೆಯದವರನ್ನು ಕೇಳಿದರೆ ಸಾಲದು. ಇಂದು ಬೇಸರದಲ್ಲಿರುವ ಹುಡುಗ ತನ್ನ ಬಾಲ್ಯವನ್ನೂ ಬೇಸರದಿಂದಲೇ ನೆನೆಯುತ್ತಾನೆ. ಮಗು ಹುಟ್ಟಿದಂದಿನಿಂದಲೇ ಗಮನಿಸುತ್ತ ಬರಬೇಕು.

ಹವಾಯಿಯ ಕವಾಯಿ ದ್ವೀಪದಲ್ಲಿ ಮನೋವಿಜ್ಞಾನಿಗಳಾದ ಎಮ್ಮಿ ವರ್ನರ್, ರೂತ್ ಸ್ಮಿತ್ ಮತ್ತು ಸಂಗಡಿಗರು ಹಾಗೆಯೇ ಮಾಡಿದರು. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು 1, 2, 10, 18ನೆಯ ವಯಸ್ಸಿನಲ್ಲಿ, ಮುಂದೆ 32 ಮತ್ತು 40ರಲ್ಲೂ ಪರಿಶೀಲಿಸಲಾಯಿತು. ಎರಡು ವರ್ಷ ತುಂಬುವ ಮೊದಲೇ ನಾಲ್ಕಾರು ಬಗೆಯ ಕಷ್ಟಗಳಿಗೆ ಸಿಕ್ಕಿದ್ದ ಮಕ್ಕಳಲ್ಲಿ ಸುಮಾರು ಮೂರನೆಯ ಎರಡು ಭಾಗ ಓದಿನಲ್ಲೋ ನಡತೆಯಲ್ಲೋ ತೊಂದರೆಗೆ ಒಳಗಾಯಿತು. ಉಳಿದವರು ಮಾತ್ರ ಆತ್ಮವಿಶ್ವಾಸವುಳ್ಳ ಯುವಕ ಯುವತಿಯರಾಗಿ ಬೆಳೆದರು!

ಇವರಿಗೆ ದೊರೆತಿದ್ದೇನು? ಅಸಾಧಾರಣ ಬುದ್ಧಿಶಕ್ತಿಯಂತೂ ಅಲ್ಲ. ತಮ್ಮನ್ನು ಹಾಗೆಯೇ ಒಪ್ಪಿಕೊಂಡ ಹಿರಿಯರೊಬ್ಬರು ಇವರಿಗಿದ್ದರು. ಅವರು ತಂದೆ ತಾಯಿಯೇ ಆಗಿರಬೇಕೆಂದೇನೂ ಇರಲಿಲ್ಲ. ಅಜ್ಜಿ, ಅಕ್ಕ, ನೆರೆಮನೆಯವರು, ಶಾಲೆಯ ಮೇಷ್ಟ್ರು, ಯಾರಾದರೂ ಸರಿ. ಇನ್ನೊಂದು ಸಂಗತಿ: ಇವರಲ್ಲಿ ಅನೇಕರು ತಮ್ಮ ತಂಗಿಯರನ್ನು ನೋಡಿಕೊಳ್ಳುವಂಥ ಹೊಣೆ ಹೊತ್ತಿದ್ದರು. ಎಸ್ಸೆಸ್ಸೆಲ್ಸಿ ಬಂತೆಂದರೆ ಮಕ್ಕಳು ತಟ್ಟೆಯನ್ನೂ ಎತ್ತಿಡಕೂಡದೆನ್ನುವ ತಂದೆ ತಾಯಿಗಳು ಇದನ್ನು ಗಮನಿಸುವುದು ಒಳ್ಳೆಯದು.

ಹದಿಹರೆಯದಲ್ಲಿ ಎಡವಿದವರ ಗತಿಯೇನು? ಅವರಲ್ಲೂ ಹೆಚ್ಚಿನವರು 40ರ ವೇಳೆಗೆ ಚೇತರಿಸಿಕೊಂಡಿದ್ದರು. ಕೆಲವರು ಮತ್ತೆ ಕಾಲೇಜಿಗೆ ಸೇರಿದ್ದರು, ಕೆಲವರು ಸೇನೆಗೆ. ಹಲವರಿಗೆ ಒಳ್ಳೆಯ ಬಾಳಸಂಗಾತಿ ಸಿಕ್ಕಿದ್ದರು.