ಮುಚ್ಚಿಡಬೇಕಾದುದು ದೋಷವನ್ನು, ರೋಗಿಯನ್ನಲ್ಲ



ಕೆಲವು ದಿನಗಳ ಹಿಂದೆ ಇಶಾ ನಮಾಝಿನ ಬಳಿಕ ಕಾಲೇಜು ಓದುವ ಯುವಕನೊಬ್ಬ ನಮ್ಮ ಬಳಿ ಬಂದು ತಗ್ಗಿದ ಧ್ವನಿಯಲ್ಲಿ ಕೇಳಿದ: "ಉಸ್ತಾದ್, ರೂಮಿನಲ್ಲಿ ಗೆಳೆಯ ಕುಡಿದು ಎಚ್ಚರ ತಪ್ಪಿ ಬಿದ್ದರೆ ಏನು ಮಾಡಬೇಕು? ಆಸ್ಪತ್ರೆಗೆ ಒಯ್ದರೆ ಮನೆಯವರಿಗೆ, ಕಾಲೇಜಿಗೆ ಗೊತ್ತಾಗುತ್ತದೆ. ಬೆಳಗಿನವರೆಗೆ ಮಲಗಿಸಿದರೆ ಸಾಲದೇ?" ಈ ವಾರದ ಜುಮಾ ಖುತ್ಬಾದಲ್ಲಿ ನಾವು ಈ ಪ್ರಶ್ನೆಗೇ ಉತ್ತರ ಹೇಳಿದೆವು. ಉತ್ತರ ಇಷ್ಟೇ: ಸಾಲದು.

ಮದ್ಯ ಮತ್ತು ಮಾದಕ ವಸ್ತುಗಳು ಹರಾಮ್. ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಜೀವ ಉಳಿಸಿದವನು ಇಡೀ ಮನುಕುಲವನ್ನು ಉಳಿಸಿದಂತೆ ಎಂದು ಸೂರಃ ಅಲ್ ಮಾಇದಃ ಕಲಿಸುತ್ತದೆ. ಪಾಪಿಯ ಜೀವಕ್ಕೆ ಅಲ್ಲಿ ವಿನಾಯಿತಿ ಇಲ್ಲ. ಮದ್ಯ ಸೇವಿಸಿ ಶಿಕ್ಷೆಗೊಳಗಾದ ಒಬ್ಬನನ್ನು ಜನರು ಶಪಿಸಿದಾಗ, ಸಹೋದರನ ವಿರುದ್ಧ ಶೈತಾನನಿಗೆ ನೆರವಾಗಬೇಡಿ ಎಂದು ಪ್ರವಾದಿ(ಸ)ರು ತಡೆದುದನ್ನು ಬುಖಾರಿ ವರದಿ ಮಾಡಿದ್ದಾರೆ.

ಅಬೂದಾವೂದ್‌ನಲ್ಲಿ ಇನ್ನೊಂದು ಘಟನೆಯಿದೆ. ತಲೆಗೆ ಗಾಯವಾಗಿದ್ದ ಒಬ್ಬ ಪ್ರಯಾಣಿಕನಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್ ಸಾಕೇ ಎಂದು ಆತ ಕೇಳಿದಾಗ ಜೊತೆಗಿದ್ದವರು ಸರಿಯಾಗಿ ತಿಳಿಯದೆ ಇಲ್ಲ ಎಂದರು. ಆತ ಸ್ನಾನ ಮಾಡಿ ಮರಣ ಹೊಂದಿದ. ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು, ಅಜ್ಞಾನಕ್ಕೆ ಕೇಳುವುದೇ ಮದ್ದು ಎಂದು ಪ್ರವಾದಿ(ಸ)ರು ಅವರನ್ನು ತೀವ್ರವಾಗಿ ಖಂಡಿಸಿದರು. ರೂಮಿನ ಬಾಗಿಲು ಹಾಕಿ ತಾವೇ ಮದ್ದು ಮಾಡುವ ಗೆಳೆಯರು ಇದನ್ನು ನೆನಪಿಡಬೇಕು.

ಕುಡಿಯುವುದನ್ನು ನಿಲ್ಲಿಸಿದ ಮೇಲೂ ಹೊಟ್ಟೆಯಲ್ಲಿರುವ ಮದ್ಯ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಆದ್ದರಿಂದ ಮಲಗಿದವನ ಸ್ಥಿತಿ ಇನ್ನಷ್ಟು ಕೆಡಬಹುದು. ಎಬ್ಬಿಸಿದರೂ ಏಳದಿರುವುದು, ನಿಮಿಷಕ್ಕೆ 8ಕ್ಕಿಂತ ಕಡಿಮೆ ಉಸಿರಾಟ, ಎರಡು ಉಸಿರುಗಳ ನಡುವೆ 10 ಸೆಕೆಂಡಿಗಿಂತ ಹೆಚ್ಚು ಅಂತರ, ತುಟಿ ನೀಲಿಗಟ್ಟುವುದು, ಮೈ ತಣ್ಣಗಾಗುವುದು, ಫಿಟ್ಸ್ ಬರುವುದು ಇವು ಅಪಾಯದ ಲಕ್ಷಣಗಳು. ಇವುಗಳಲ್ಲಿ ಒಂದು ಕಂಡರೂ ಸಾಕು, ತಕ್ಷಣ 108 ಅಥವಾ 112ಕ್ಕೆ ಕರೆ ಮಾಡಿ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ವಾಂತಿಯಾದರೆ ಉಸಿರು ಕಟ್ಟದಿರಲಿ. ಒಂಟಿಯಾಗಿ ಬಿಡಬೇಡಿ. ಕಾಫಿ ಕುಡಿಸುವುದು, ತಣ್ಣೀರು ಸುರಿಯುವುದು, ಬಲವಂತವಾಗಿ ವಾಂತಿ ಮಾಡಿಸುವುದು ಬೇಡ. ಮಾತ್ರೆ ನುಂಗಿದ್ದರೆ, ಇಂಜೆಕ್ಷನ್ ಚುಚ್ಚಿಕೊಂಡಿದ್ದರೆ ವೈದ್ಯರಿಗೆ ಉಳ್ಳದ್ದನ್ನು ಉಳ್ಳಂತೆ ಹೇಳಿ. ಏನು ಸೇವಿಸಿದ್ದಾನೆಂದು ತಿಳಿದರೆ ಸರಿಯಾದ ಚಿಕಿತ್ಸೆ ಬೇಗ ಸಿಗುತ್ತದೆ.

ಸಹೋದರನ ದೋಷ ಮುಚ್ಚುವುದು ಪುಣ್ಯ ಕಾರ್ಯ. ಆದರೆ ಅದು ಊರಿನ ಬಾಯಿಯಿಂದ ಮುಚ್ಚುವುದು, ವೈದ್ಯರಿಂದ ಅಲ್ಲ.

ಕಾನೂನಿನ ಭಯ ಇರುವವರಿಗೂ ಒಂದು ಮಾತು. ತುರ್ತು ಸ್ಥಿತಿಯಲ್ಲಿ ಜೀವ ಉಳಿಸುವುದು ಸರಕಾರಿ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ವೈದ್ಯರ ಕರ್ತವ್ಯ, ಪೊಲೀಸ್ ವಿಧಿವಿಧಾನಗಳಿಗಾಗಿ ಅದನ್ನು ತಡಮಾಡಬಾರದು ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಹೇಳಿದೆ. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮು, ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿಯು ಸ್ವ ಇಚ್ಛೆಯಿಂದ ಸರಕಾರಿ ಮಾನ್ಯತೆಯ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ವ್ಯಸನದಿಂದ ಹೊರಬರಲು 14446 ಸಹಾಯವಾಣಿಯಿದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ವಿಭಾಗವಿದೆ.

ಹೆತ್ತವರೇ, ಮಧ್ಯರಾತ್ರಿ ಮಗನ ಗೆಳೆಯನ ಫೋನು ಬಂದರೆ ಮೊದಲು "ಎಲ್ಲಿದ್ದೀರಿ?" ಎಂದು ಕೇಳಿ. "ಯಾಕೆ ಕುಡಿದ?" ಎಂಬುದನ್ನು ಆತ ಗುಣವಾದ ಮೇಲೆ ಕೇಳಬಹುದು. ನಮ್ಮ ಬೈಗುಳಕ್ಕೆ ಹೆದರಿ ಆ ಹುಡುಗ ಫೋನು ಮಾಡದೇ ಹೋದರೆ ನಾಳೆ ಅಲ್ಲಾಹನ ಮುಂದೆ ನಾವೂ ಉತ್ತರಿಸಬೇಕಾದೀತು. ಜಮಾಅತಿನ ಯುವಕರಿಗೆ ನಾವು ಮಿಂಬರಿನಿಂದಲೇ ಹೇಳಿದ್ದೇವೆ: ಮೊದಲ ಕರೆ 108ಕ್ಕೆ, ಎರಡನೆಯದು ನಮಗೆ ಇರಲಿ. ಹೆಸರು ನಮ್ಮಿಂದ ಹೊರಹೋಗದು.

ತೌಬಾದ ಬಾಗಿಲು ಜೀವವಿರುವವರೆಗೆ ತೆರೆದಿದೆ. ಆ ಜೀವವನ್ನು ಬೆಳಗಿನವರೆಗೆ ತಲುಪಿಸುವ ಕೈಗಳಾಗಲು ಅಲ್ಲಾಹನು ನಮಗೆಲ್ಲ ತೌಫೀಕ್ ನೀಡಲಿ. ಆಮೀನ್.