ಆರಿಹೋದ ಬಿಸಿನೀರಿನ ಗುಡ್ಡ

ಕೊಟ್ಟೂರೇಶ್ವರನ ತೇರಿಗೆ ಬಂದವರು ಹಾಗೇ ಹಡಗಲಿ ದಾರಿ ಹಿಡಿದು, ಮದಲಗಟ್ಟಿ ಸೇತುವೆಯ ಮೇಲೆ ತುಂಗಭದ್ರೆ ದಾಟಿದರೆ ಮುಂಡರಗಿ ಸೀಮೆ. ಎದುರಿಗೆ ಕಾಣುವ ಸಾಲುಬೆಟ್ಟವೇ ಕಪ್ಪತಗುಡ್ಡ. ಕಪ್ಪತ ಮಲ್ಲೇಶ್ವರ, ಗಾಳಿಗುಂಡಿ ಬಸವಣ್ಣ, ಔಷಧಿ ಗಿಡ, ಗಾಳಿಯಂತ್ರ, ಇಷ್ಟನ್ನು ಎಲ್ಲರೂ ನೋಡಿ ಬರುತ್ತಾರೆ. ಕಾಲಿಗೆ ತೊಡರುವ ಬಿಳಿ ಬೆಣಚುಕಲ್ಲನ್ನು ಕೇಳುವವರಿಲ್ಲ. ಗುಡ್ಡದ ಹಳೆಯ ಸುದ್ದಿ ಇರುವುದು ಅದರೊಳಗೆ.

ಆ ಸುದ್ದಿ ಬಿಸಿನೀರಿನದು. ನಮ್ಮ ಕಡೆ ಈಗ ಬಿಸಿನೀರ ಬುಗ್ಗೆ ಇಲ್ಲ. ನೋಡಬೇಕೆಂದರೆ ಪುತ್ತೂರಿನ ಹತ್ತಿರ, ಇರ್ದೆಯ ಬೆಂದ್ರು ತೀರ್ಥಕ್ಕೆ ಹೋಗಬೇಕು. ಆದರೆ ಸುಮಾರು 250 ಕೋಟಿ ವರ್ಷಗಳ ಹಿಂದೆ ಈ ಗುಡ್ಡದ ಬುಡದಲ್ಲಿ, ಕಿಲೋಮೀಟರುಗಟ್ಟಲೆ ಆಳದಲ್ಲಿ, ಮುನ್ನೂರು ಡಿಗ್ರಿ ಆಸುಪಾಸಿನ ನೀರು ಬಿರುಕು ಹುಡುಕಿಕೊಂಡು ಮೇಲೇರಿತ್ತು. ಅದು ಮಳೆನೀರಲ್ಲ. ಹೂತುಹೋದ ಕಲ್ಲು ಒತ್ತಡಕ್ಕೂ ಕಾವಿಗೂ ಸಿಕ್ಕಿ ಬೆವರಿದ ನೀರು ಅನ್ನಬಹುದು.

ಆ ನೀರು ಚಿನ್ನವನ್ನೂ ಹೊತ್ತು ತಂದಿತ್ತು. ಸಾಮಾನ್ಯ ಕಲ್ಲಿನಲ್ಲಿ ಚಿನ್ನ ಇರುವುದು ಟನ್ನಿಗೆ ಕೆಲವೇ ಮಿಲಿಗ್ರಾಂ. ಬರೀ ನೀರಿಗೆ ಅದು ಕರಗುವುದೂ ಇಲ್ಲ. ಇಂಥ ಬಿಸಿನೀರಿನಲ್ಲಿ ಗಂಧಕ ಸೇರಿದ್ದರೆ ಚಿನ್ನ ಅದರ ಹೆಗಲೇರಿ ಹೊರಡುತ್ತದೆ. ದಾರಿಯಲ್ಲಿ ಕಬ್ಬಿಣ ತುಂಬಿದ ಕಲ್ಲು ಸಿಕ್ಕಿದ್ದೇ ತಡ, ಗಂಧಕ ಕಬ್ಬಿಣದ ಜತೆ ಕೂಡಿಕೊಂಡು ಪೈರೈಟ್ ಆಗುತ್ತದೆ. ಹೊತ್ತವನು ಕೈಬಿಟ್ಟ ಚಿನ್ನ ಅಲ್ಲೇ ಉಳಿಯಿತು. ನೀರು ಹೋದ ದಾರಿಯಲ್ಲಿ ಬೆಣಚು ಹೆಪ್ಪುಗಟ್ಟಿತು. ಹೀಗೆ ಮಿಲಿಗ್ರಾಂ ಲೆಕ್ಕದ್ದು ಟನ್ನಿಗೆ ಗ್ರಾಂ ಲೆಕ್ಕಕ್ಕೆ ಬಂತು, ಸಾವಿರ ಪಟ್ಟು. ಹಟ್ಟಿ ಗಣಿಯ ಚಿನ್ನ ಕೂಡಿಟ್ಟದ್ದೂ ಇಂಥದೇ ನೀರು. ಆ ನೀರಿನ ಹನಿಗಳು ಬೆಣಚಿನೊಳಗೆ ಇನ್ನೂ ಸೆರೆಯಾಗಿವೆ. ಭೂವಿಜ್ಞಾನಿಗಳು ಕಲ್ಲನ್ನು ತೆಳ್ಳಗೆ ಸೀಳಿ, ಸೂಕ್ಷ್ಮದರ್ಶಕದಡಿ ಕಾಯಿಸಿ ತಣಿಸಿ, ಅಂದಿನ ಬಿಸಿಯನ್ನು ಅಳೆಯುತ್ತಾರೆ.

ಹಿಂದೆ ಮಳೆ ನಿಂತ ಮೇಲೆ ಡೋಣಿ, ಸೊರಟೂರಿನ ಹಳ್ಳಗಳಲ್ಲಿ ಜಾಲಗಾರರು ಮರಳು ತೊಳೆದು ಚಿನ್ನದ ಪುಡಿ ಹೆಕ್ಕುತ್ತಿದ್ದರು. ರಾಬರ್ಟ್ ಬ್ರೂಸ್ ಫೂಟ್ ಈ ಗುಡ್ಡದ ಚಿನ್ನದ ಕಲ್ಲುಗಳ ಬಗ್ಗೆ 1874ರಲ್ಲಿ ಬರೆದ. ಆತ ಇದನ್ನು ಡಂಬಳದ ಗುಡ್ಡ ಎಂದೇ ಕರೆದ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಬುಲಾಯತಕಟ್ಟಿಯಲ್ಲಿ ಕಂಪನಿಯವರು ಗಣಿ ತೋಡಿದರು. ಬಹಳ ಕಾಲ ನಡೆಯಲಿಲ್ಲ.

ಚಿನ್ನ ಇಲ್ಲಿ ಒಂಟಿಯಾಗಿ ಬಂದಿಲ್ಲ. ಈ ಗದಗ ಸೀಮೆಯ ಅದಿರಿನಲ್ಲಿ ಅದರ ಮಗ್ಗುಲಿಗೇ ಆರ್ಸೆನಿಕ್ ಎಂಬ ವಿಷದ ಖನಿಜ ಕೂತಿದೆ. ನ್ಯೂಜಿಲೆಂಡಿನ ಶಾಂಪೇನ್ ಪೂಲ್ ಎಂಬ ಬಿಸಿಕೊಳದ ಅಂಚಿಗೆ ಇಂದಿಗೂ ಕಿತ್ತಳೆ ಬಣ್ಣದ ಕೆನೆ ಕಟ್ಟುತ್ತದೆ. ಅದರಲ್ಲೂ ಚಿನ್ನ, ಬೆಳ್ಳಿಯ ಜತೆ ಆರ್ಸೆನಿಕ್, ಆಂಟಿಮನಿ. ನೀರು ಹೊತ್ತು ತರುವಾಗ ಬಂಗಾರ, ವಿಷ ಎಂದು ಭೇದ ಮಾಡುವುದಿಲ್ಲ. ಅದಿರು ಅರೆದು ಚಿನ್ನ ತೆಗೆದರೆ ಆರ್ಸೆನಿಕ್ ಪುಡಿ ಗುಡ್ಡದ ಬುಡದಲ್ಲಿ ಉಳಿಯುತ್ತದೆ, ಬುಡದಲ್ಲಿರುವುದು ಊರುಗಳು. ಮತ್ತೆ ಗಣಿ ಬೇಡ ಎಂದು ಇಲ್ಲಿಯ ಮಠಗಳೂ ಜನರೂ ಹಟ ಹಿಡಿದದ್ದು ಗಿಡಮೂಲಿಕೆಗಾಗಿ. ಕಲ್ಲಿನ ಕಡೆಯಿಂದ ನೋಡಿದರೂ ಆ ಹಟ ಸರಿಯೇ.

2019ರಿಂದ ಕಪ್ಪತಗುಡ್ಡ ವನ್ಯಜೀವಿ ಅಭಯಾರಣ್ಯ. ಮಳೆಗಾಲ ಮುಗಿದ ಕೂಡಲೇ ಹೋಗಿ, ಗುಡ್ಡ ಹಸಿರಾಗಿರುತ್ತದೆ. ಬೆಣಚುಕಲ್ಲು ಕಂಡರೆ ಕೈಲಿ ಹಿಡಿದು ನೋಡಿ, ಅಲ್ಲೇ ಇಟ್ಟು ಬನ್ನಿ.